ಮೂವತ್ತೆಂಟನೆಯ ಸಾಲು

ಪೆನ್ಸಿಲಿನ ಮೊನೆ ಮುರಿದರೆ ಮನುಷ್ಯನ ಮಂಡಿಗೆ ಏಟು ಬೀಳುತ್ತದೆಂದು ಯಾವ ವಿಜ್ಞಾನದ ಪುಸ್ತಕವೂ ಹೇಳುವುದಿಲ್ಲ. ಪಟ್ಟಿರಾಯರ ವಿಷಯದಲ್ಲಿ ಮಾತ್ರ ಹಾಗೇ ಆಯಿತು.

ಪಟ್ಟಿರಾಯರು ನೀರು ಮತ್ತು ಚರಂಡಿ ಇಲಾಖೆಯ ನೌಕರರು. ಗುಡ್ಡದ ತುದಿಯಲ್ಲಿರುವ ನೀರಿನ ತೊಟ್ಟಿಯ ಮೀಟರನ್ನು ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಓದಿ ಬರೆದುಕೊಳ್ಳುವುದು ಅವರ ಕೆಲಸ. ಒಂದು ಸಲ ಹತ್ತುವುದಕ್ಕೆ ಸಾವಿರದ ನೂರ ನಲವತ್ತು ಹೆಜ್ಜೆ. ಹದಿನೆಂಟು ವರ್ಷ ಹತ್ತಿಳಿದ ಮೇಲೆ ಅವರ ಎಡಮಂಡಿ ಮುನ್ನೂರನೆಯ ಹೆಜ್ಜೆಯ ತನಕ ಸುಮ್ಮನಿದ್ದು, ಅಲ್ಲಿಂದ ಮುಂದೆ ತುಕ್ಕು ಹಿಡಿದ ಬಾಗಿಲ ಚಿಲಕದಂತೆ ಪ್ರತಿ ಹೆಜ್ಜೆಗೂ 'ಕಟಕ್' ಎನ್ನುವ ಅಭ್ಯಾಸ ಮಾಡಿಕೊಂಡಿತ್ತು.

ಅವರಿಗೆ ಈ ಹೆಸರು ಬಂದದ್ದು ಪಟ್ಟಿಗಳಿಂದ. ಮಾಡಬೇಕಾದ ಪ್ರತಿಯೊಂದು ಕೆಲಸವನ್ನೂ ಸಂಖ್ಯೆ ಹಾಕಿ ಬರೆದು, ಮುಗಿದ ಕೂಡಲೇ ಪೆನ್ಸಿಲಿನಿಂದ ಗುರುತು ಹಾಕದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಮದುವೆಯ ದಿನ ಅವರ ಜೇಬಿನಲ್ಲಿದ್ದ ಪಟ್ಟಿಯಲ್ಲಿ ಹನ್ನೊಂದನೆಯ ಸಾಲು 'ವಧು' ಎಂದಿತ್ತು; ಹೆಂಡತಿ ಅದನ್ನು ಇನ್ನೂ ಮರೆತಿಲ್ಲ. 'ಗುರುತಿಲ್ಲದ ಕೆಲಸ, ಆಗದ ಕೆಲಸ' ಎಂಬ ಅವರ ವಾಕ್ಯವನ್ನು ಇಲಾಖೆಯವರು ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೇ ತೂಗುಹಾಕಿದ್ದರು.

ಮಂಡಿಯ ಸಂಕಟಕ್ಕೆ ಅವರು ಕಂಡುಕೊಂಡ ಉಪಾಯ ಒಂದು ಹಳೆಯ ಎಟಿವಿ. ನಾಲ್ಕು ದಪ್ಪ ಚಕ್ರ, ಮೋಟಾರ್ ಸೈಕಲ್ಲಿನ ಹಿಡಿ, ಎಂಥ ಕಲ್ಲು ದಾರಿಯನ್ನಾದರೂ ಹತ್ತುವ ಗಾಡಿ. ಕಲ್ಲು ಗಣಿಯವರೊಬ್ಬರು ಎಂಜಿನ್ ಸತ್ತಿತೆಂದು ಮೂಲೆಗೆ ತಳ್ಳಿದ್ದನ್ನು ಕೊಂಡು ತಂದರು. ಅದು ಟೂ-ಸ್ಟ್ರೋಕ್ ಎಂಜಿನ್. ಅದರ ಹೊಟ್ಟೆಯೊಳಗೆ ಬೇರೆ ಎಣ್ಣೆ ಇರುವುದಿಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಅದರ ಜೀವ. ಗಣಿಯವರು ಬರೀ ಪೆಟ್ರೋಲ್ ಸುರಿದು ಓಡಿಸಿದ್ದರು. ಪಿಸ್ಟನ್ ಬಿಸಿಗೆ ಉಬ್ಬಿ ಸಿಲಿಂಡರಿನ ಗೋಡೆಯನ್ನು ಕಚ್ಚಿತ್ತು. ಅದರ ಉಂಗುರ ಮುರಿದು, ಚೂರುಗಳು ಗೋಡೆಯನ್ನು ಗೀರಿ, ಕೆಳಗಿನ ಬೇರಿಂಗಿನವರೆಗೂ ಇಳಿದಿದ್ದವು.

ಎರಡು ತಿಂಗಳು ಆ ಎಂಜಿನ್ ಊಟದ ಮೇಜಿನ ಮೇಲೆ ಬಿಚ್ಚಿಕೊಂಡು ಮಲಗಿತ್ತು. ಸಿಲಿಂಡರು ಲೇತ್ ಅಂಗಡಿಗೆ ಹೋಗಿ ಒಂದು ಅಳತೆ ಅಗಲವಾಗಿ ಬಂತು. ಅದಕ್ಕೆ ತಕ್ಕ ಹೊಸ ಪಿಸ್ಟನ್ ಬಂತು. ಬೇರಿಂಗ್ ಸಲೀಸಾಗಿ ಕೂರಬೇಕಾದರೆ ಬೇರಿಂಗ್ ತಣ್ಣಗಿರಬೇಕು, ಕೂರುವ ಜಾಗ ಬಿಸಿಯಿರಬೇಕು. ಆದ್ದರಿಂದ ಬೇರಿಂಗ್ ಫ್ರಿಜ್ಜಿಗೂ ಎಂಜಿನ್ನಿನ ಕವಚ ಒಲೆಗೂ ಹೋದವು.

"ಅಳಿಯಂದ್ರೇ, ಒಲೆ ಮೇಲೆ ಕಬ್ಬಿಣ, ಫ್ರಿಜ್ಜಲ್ಲಿ ಕಬ್ಬಿಣ. ನಾವು ಅನ್ನ ಎಲ್ಲಿ ಮಾಡೋಣ, ಗ್ಯಾರೇಜಲ್ಲಾ?" ಎಂದು ಅತ್ತೆ ಕೇಳಿದ್ದರು.

ಆ ಎರಡು ತಿಂಗಳೂ ಪಟ್ಟಿರಾಯರು ಮನೆಗೆ ಬಂದವರಿಗೆಲ್ಲ ಒಂದೇ ಪಾಠ ಹೇಳಿದರು. ಹಾಲು ತಂದವರಿಗೂ ಹೇಳಿದರು. "ಎಣ್ಣೆ ಬೆರೆಸದೆ ಚಾಲೂ ಮಾಡಿದ್ರೆ ಮುಗೀತು. ಒಂದೇ ಸಲಕ್ಕೆ ಎರಡು ತಿಂಗಳ ಕೆಲಸ ಮಣ್ಣುಪಾಲು. ನಾನು ಮರೆತ್ರೂ ನೀವು ಮರೀಬೇಡಿ!" ಸಾಲದ್ದಕ್ಕೆ ಟ್ಯಾಂಕಿನ ಮೇಲೆ ದಪ್ಪ ಅಕ್ಷರದ ಚೀಟಿಯೊಂದನ್ನು ಅಂಟಿಸಿದರು: 'ಎಣ್ಣೆ ಹಾಕಿದೆಯೇ? ನೋಡಿ, ಇಲ್ಲದಿದ್ದರೆ ಹಾಕಿ.'

ಹೀಗೆ ಆ ದಿನ ಬಂತು. ಗುಡ್ಡದ ಪೈಪಿನ ದಾರಿಯಲ್ಲಿ ಗಾಡಿ ಓಡಿಸಬೇಕಾದರೆ ಇಲಾಖೆಯ ಮೇಲ್ವಿಚಾರಕಿಯ ಅಪ್ಪಣೆ ಬೇಕು. ಅವರು ವರ್ಷಕ್ಕೊಂದೇ ಸಲ ಈ ಕಡೆ ಬರುವವರು. "ಇವತ್ತು ಸಂಜೆ ಐದಕ್ಕೆ ಬರ್ತೀನಿ. ನನ್ನ ಕಣ್ಣೆದುರು ಗಾಡಿ ಗುಡ್ಡ ಹತ್ತಿದ್ರೆ ಅಪ್ಪಣೆ. ಹತ್ತದಿದ್ರೆ ಮುಂದಿನ ವರ್ಷ ನೋಡೋಣ," ಎಂದಿದ್ದರು. ಒಂದು ವರ್ಷವೆಂದರೆ ಎಂಟು ಲಕ್ಷ ಮೂವತ್ತೆರಡು ಸಾವಿರದ ಇನ್ನೂರು ಹೆಜ್ಜೆ, ಇಳಿಯುವುದನ್ನು ಬಿಟ್ಟು. ಪಟ್ಟಿರಾಯರು ಗುಣಿಸಿ ನೋಡಿದ್ದರು.

ಬೆಳಗಿನ ಮೀಟರು ಓದಿ, ಕುಂಟುತ್ತ ಇಳಿದು ಬಂದು, ಮನೆಯ ಮುಂದಿನ ತಗಡಿನ ಮಾಡಿನ ಕೆಳಗೆ ನೋಟುಪುಸ್ತಕ ತೆರೆದರು. ನಲವತ್ತೊಂದು ಸಾಲುಗಳ ಪಟ್ಟಿಯಲ್ಲಿ ಇಪ್ಪತ್ತೆಂಟು ಮುಗಿದಿದ್ದವು. ಇಪ್ಪತ್ತೊಂಬತ್ತು: ಪಿಸ್ಟನ್ ಜೋಡಿಸುವುದು.

"ರಾಯರೇ, ನಿಧಾನ!" ಎಂದು ಎದುರುಮನೆಯ ಡ್ರೈವರಣ್ಣ ಬೇಲಿ ದಾಟಿ ಬಂದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಮೂವತ್ತು ವರ್ಷದಲ್ಲಿ ಬಾನೆಟ್ ಎತ್ತಿದವನಲ್ಲ, ಆದರೆ ಎತ್ತಿದವರ ಪಕ್ಕದಲ್ಲಿ ನಿಂತು ಸಲಹೆ ಕೊಡುವುದರಲ್ಲಿ ಪಳಗಿದವನು. "ಪಿಸ್ಟನ್ನು ತಿರುಗಮುರುಗ ಆದ್ರೆ ಕಷ್ಟ."

"ತಲೆ ಮೇಲೆ ಬಾಣದ ಗುರುತಿದೆ. ಅದು ಹೊಗೆ ಹೋಗೋ ಕಡೆ ತಿರುಗಿರ್ಬೇಕು. ತಿರುಗಿದೆ," ಎಂದರು ಪಟ್ಟಿರಾಯರು ತಲೆಯೆತ್ತದೆ.

"ಅಲ್ಲ, ನಾನು ಹೇಳೋದು..."

ಅವನು ಹೇಳುವುದನ್ನು ಕೇಳಲು ಪಟ್ಟಿರಾಯರು ಕೂದಲೆಳೆಯಷ್ಟು ತಿರುಗಿದರು. ಅಷ್ಟರಲ್ಲಿ ಪಿಸ್ಟನ್ನಿನ ಪಿನ್ನು ಜಾರದಂತೆ ತಡೆಯುವ ಪುಟ್ಟ ಲಾಕು ಇಕ್ಕುಳದಿಂದ ಚಿಮ್ಮಿ 'ಟಿಂಗ್' ಎಂದಿತು. ಅದು ಉಗುರಿನಷ್ಟಗಲದ ಸ್ಪ್ರಿಂಗಿನ ಉಂಗುರ. ಅದಿಲ್ಲದೆ ಎಂಜಿನ್ ಓಡಿದರೆ ಪಿನ್ನು ಹೊರಜಾರಿ ಸಿಲಿಂಡರನ್ನು ಮತ್ತೆ ಉಳುತ್ತದೆ.

"ಎಲ್ಲಿ ಹೋಯ್ತು?"

"ಒಳಗೆ ಬಿದ್ದಿಲ್ಲ. ಎಂಜಿನ್ ಬಾಯಿಗೆ ಬಟ್ಟೆ ತುರುಕಿದೀನಿ. ಇಪ್ಪತ್ತೆಂಟನೇ ಸಾಲು. ನೀನು ಅಲ್ಲಾಡ್ಬೇಡ, ಕಾಲಡಿ ಇರಬಹುದು."

ಡ್ರೈವರಣ್ಣ ಅಲ್ಲಾಡದೆ ನಿಂತ. ಆದರೆ ಅವನ ಬಾಯಿ ಅಲ್ಲಾಡಿತು. ಆ ಕೂಗಿಗೆ ಪಕ್ಕದಂಗಡಿಯ ದರ್ಜಿ ಕೊರಳಲ್ಲಿ ಟೇಪಿನ ಸಮೇತ ಓಡಿಬಂದ. ಹಿಂದೆಯೇ ಅತ್ತೆ ಬಂದರು. ಡ್ರೈವರಣ್ಣನನ್ನು ಬಿಟ್ಟು ಉಳಿದ ಮೂವರೂ ನೆಲಕ್ಕೆ ಮೂಗು ತಾಗಿಸಿ ಮುಕ್ಕಾಲು ಗಂಟೆ ಹುಡುಕಿದರು. ಕೊನೆಗೆ ದರ್ಜಿ, ಬಿದ್ದ ಗುಂಡುಸೂಜಿಗಳನ್ನು ಎತ್ತಲು ತಾನು ಇಟ್ಟುಕೊಳ್ಳುವ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಎಳೆದಾಡಿದ. ಹನ್ನೊಂದು ಗುಂಡುಸೂಜಿ, ಒಂದು ಮೊಳೆ, ಮತ್ತು ಡ್ರೈವರಣ್ಣನ ಚಪ್ಪಲಿಯ ಸಂದಿಯಿಂದ ಆ ಲಾಕು ಬಂದವು.

"ನೋಡಿದ್ರಾ? ನಾನು ಅಲ್ಲಾಡದೆ ನಿಂತಿದ್ದಕ್ಕೇ ಸಿಕ್ತು!" ಎಂದ ಡ್ರೈವರಣ್ಣ.

ಮೂವತ್ಮೂರನೆಯ ಸಾಲಿಗೆ ಬಂದಾಗ ಸಿಲಿಂಡರಿನ ಬುಡಕ್ಕೆ ಹಾಕುವ ಕಾಗದದ ಗ್ಯಾಸ್ಕೆಟ್ ಕಾಣಲಿಲ್ಲ. ಅದು ಊಟದ ಮೇಜಿನ ಕುಂಟು ಕಾಲಿನ ಕೆಳಗೆ, ನಾಲ್ಕು ಮಡಿಕೆಯಾಗಿ ಸಿಕ್ಕಿತು.

"ನನಗೇನು ಗೊತ್ತು? ನಡುವೆ ತೂತಿರೋ ಕಾಗದ ಯಾವ ಉಪಯೋಗಕ್ಕೆ ಬರುತ್ತೆ ಅಂತ ಮಡಚಿಟ್ಟೆ," ಎಂದರು ಅತ್ತೆ. "ಎರಡು ತಿಂಗಳಿಂದ ಆ ಮೇಜಿನ ಮೇಲೆ ಒಂದು ಲೋಟ ನೆಟ್ಟಗೆ ನಿಂತಿಲ್ಲ."

ಪಟ್ಟಿರಾಯರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಕೋಪ ಬರಲಿಲ್ಲ, ಕೋಪಕ್ಕೂ ಒಂದಿಷ್ಟು ಶಕ್ತಿ ಬೇಕು. ಅವರ ಮುಖ ನೋಡಲಾರದೆ ದರ್ಜಿ, ಲೇತ್ ಅಂಗಡಿಯವರು ಕೊಟ್ಟಿದ್ದ ಗ್ಯಾಸ್ಕೆಟ್ ಕಾಗದದ ತುಂಡಿನ ಮೇಲೆ ಸಿಲಿಂಡರನ್ನು ಕೂರಿಸಿ, ಸೀಮೆಸುಣ್ಣದಿಂದ ಗೀಟು ಹಾಕಿ, ಕತ್ತರಿಯನ್ನು ಬೆಣ್ಣೆಯ ಮೇಲೆ ಆಡಿಸಿದಂತೆ ಆಡಿಸಿ, ಅಚ್ಚುಕಟ್ಟಾಗಿ ಕತ್ತರಿಸಿ ಕೊಟ್ಟ.

"ಸೊಂಟದ ಹತ್ರ ಸ್ವಲ್ಪ ಸಡಿಲ ಬಿಡ್ಲಾ ರಾಯರೇ?"

"ಬೇಡಪ್ಪ. ಇದು ಊಟ ಮಾಡಲ್ಲ, ದಪ್ಪ ಆಗಲ್ಲ."

ಹೀಗೆ ಎದ್ದು ಬಿದ್ದು ಮಧ್ಯಾಹ್ನದ ನಾಲ್ಕಕ್ಕೆ ಎಂಜಿನ್ ಗಾಡಿಯ ಮೇಲೆ ಕುಳಿತಿತು. ಪಟ್ಟಿರಾಯರ ಬೆನ್ನು ಬಿಲ್ಲಾಗಿತ್ತು, ಉಗುರುಗಳು ಕಪ್ಪಾಗಿದ್ದವು. ಮೂವತ್ತೆಂಟನೆಯ ಸಾಲು: 'ಐದು ಲೀಟರ್ ಪೆಟ್ರೋಲ್, ನೂರ ಐವತ್ತಾರು ಮಿಲಿಲೀಟರ್ ಎಣ್ಣೆ.' ಒಂದು ಲೀಟರಿನ ಹೊಸ ಎಣ್ಣೆ ಬಾಟಲಿಯ ಮುಚ್ಚಳ ತೆರೆದು, ಗೀಟಿನ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಹನಿ ಹೆಚ್ಚಾದದ್ದನ್ನು ವಾಪಸು ಬಾಟಲಿಗೆ ಬಿಟ್ಟು, ಅಳೆದು ಬೆರೆಸಿದರು. ಟ್ಯಾಂಕಿಗೆ ಸುರಿದರು. ಗುರುತು ಹಾಕಲು ಪೆನ್ಸಿಲ್ ಒತ್ತಿದರು.

ಮೊನೆ ಮುರಿಯಿತು.

ನೋಟುಪುಸ್ತಕವನ್ನು ಗಾಡಿಯ ಹಿಡಿಗೆ ತೂಗುಹಾಕಿ, ಪೆನ್ಸಿಲ್ ಹೆರೆಯಲು ಬ್ಲೇಡು ತರಲೆಂದು ಅವರು ಒಳಗೆ ಹೋದರು. ಒಳಗೆ ಕಾಲಿಡುತ್ತಲೇ ಫೋನು ಬಡಿದುಕೊಂಡಿತು. ಮೇಲ್ವಿಚಾರಕಿ: "ಐದಕ್ಕಲ್ಲ, ನಾಲ್ಕೂವರೆಗೇ ಬರ್ತಿದೀನಿ. ಮುಂದೆ ಬೇರೆ ಕೆಲಸ ಇದೆ."

"ರೀ, ಈ ಅವತಾರದಲ್ಲಿ ಅವರ ಮುಂದೆ ನಿಲ್ತೀರಾ? ಯಾವುದು ಎಂಜಿನ್ನು, ಯಾವುದು ನೀವು ಅಂತ ಅವರಿಗೆ ಗೊತ್ತಾಗ್ಬೇಕಲ್ಲ!" ಎಂದು ಹೆಂಡತಿ ಅವರ ಕೈಯಿಂದ ಬ್ಲೇಡು ಕಿತ್ತುಕೊಂಡು ಬಚ್ಚಲಿಗೆ ನೂಕಿದರು.

ಕಪ್ಪು ಹೋಗಲು ಮೂರು ಸಲ ಸೋಪು ಬೇಕಾಯಿತು. ಸೋಪಿನ ನೊರೆಯೊಳಗೆ ಕಣ್ಣು ಮುಚ್ಚಿಕೊಂಡಿದ್ದ ಆ ಹದಿನೈದು ನಿಮಿಷ ಪಟ್ಟಿರಾಯರಿಗೆ ಎರಡು ತಿಂಗಳಲ್ಲಿ ಸಿಕ್ಕ ಮೊದಲ ವಿಶ್ರಾಂತಿ. ಸಾವಿರದ ನೂರ ನಲವತ್ತು ಹೆಜ್ಜೆಗಳೂ ನೊರೆಯ ಜೊತೆ ಚರಂಡಿಗೆ ಹರಿದುಹೋದಂತೆ ಅನ್ನಿಸಿತು.

ಹೊರಗೆ ಬಂದಾಗ ಮೇಲ್ವಿಚಾರಕಿ ಆಗಲೇ ಗಾಡಿಯ ಪಕ್ಕದಲ್ಲಿ ನಿಂತು ಕರವಸ್ತ್ರದಿಂದ ಬೆರಳು ಒರೆಸಿಕೊಳ್ಳುತ್ತಿದ್ದರು. ಡ್ರೈವರಣ್ಣ, ದರ್ಜಿ, ಅತ್ತೆ ಮೂವರೂ ಸಾಲಾಗಿ, ಪರೀಕ್ಷೆಯಲ್ಲಿ ಗೆಳೆಯನಿಗೆ ಉತ್ತರ ತೋರಿಸಿದವರ ಹಾಗೆ ಒಳಗೊಳಗೇ ತೃಪ್ತಿಯಿಂದ ನಿಂತಿದ್ದರು.

"ಏನ್ರೀ ಸೊಳ್ಳೆ ಇದು!" ಎಂದು ಮೇಲ್ವಿಚಾರಕಿ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡರು.

"ಆ ತೆರೆದ ಚರಂಡಿ ನೋಡಿ ಮೇಡಂ," ಡ್ರೈವರಣ್ಣ ಕಾದಿದ್ದವನಂತೆ ಹಿಡಿದುಕೊಂಡ. "ಸೊಳ್ಳೆ ಓಡಿಸೋ ನಿಮ್ಮ ಇಲಾಖೆಯ ಹೊಗೆ ಯಂತ್ರ ಕೆಟ್ಟು ಎರಡು ವರ್ಷ. ಏಳು ಬೀದಿಯವರು ವಾರಕ್ಕೊಂದು ಅರ್ಜಿ ಕೊಡ್ತಿದೀವಿ."

"ಗೊತ್ತು, ಗೊತ್ತು. ಆ ಅರ್ಜಿಗಳಿಗೇ ಒಂದು ಕಪಾಟು ಬೇಕಾಗಿದೆ," ಎಂದರು ಮೇಲ್ವಿಚಾರಕಿ ಬೇಸರದಿಂದ. "ನಡೀರಿ, ಮೊದಲು ಗಾಡಿ ಹತ್ತಿಸಿ ತೋರಿಸಿ."

ಪಟ್ಟಿರಾಯರು ಪೆಟ್ರೋಲಿನ ನಲ್ಲಿ ತಿರುಗಿಸಿ, ಎಂಜಿನ್ ಚಾಲೂ ಮಾಡುವ ಹಗ್ಗ ಹಿಡಿದು ಎಳೆದರು. ಎಂಜಿನ್ ಕೆಮ್ಮಿತು. ಮತ್ತೆ ಎಳೆದರು. ಆಕಳಿಸಿತು. ಏಳನೆಯ ಸಲಕ್ಕೆ ಅವರ ಭುಜ ಮಂಡಿಯ ಭಾಷೆ ಮಾತನಾಡಿತು. ಎಂಟನೆಯ ಎಳೆತಕ್ಕೆ 'ಟ್ರಣ್-ಟಣ್-ಟಣ್-ಟಣ್' ಎಂದು ಎಂಜಿನ್ನಿಗೆ ಜೀವ ಬಂತು. ಪಟ್ಟಿರಾಯರ ಕಣ್ಣಲ್ಲಿ ನೀರು ಬಂತು.

ಕಣ್ಣೀರು ಬರೀ ಸಂತೋಷದ್ದಲ್ಲವೆಂದು ತಿಳಿಯಲು ಮೂರು ಸೆಕೆಂಡು ಹಿಡಿಯಿತು. ಗಾಡಿಯ ಹಿಂಬದಿಯಿಂದ ಬಿಳಿಯ ಹೊಗೆ ಹೊರಟಿತ್ತು. ಹೊರಟಿತ್ತು ಎಂದರೆ ಸಾಲದು. ಹತ್ತಿ ಗಿರಣಿಗೆ ಬಿರುಗಾಳಿ ನುಗ್ಗಿದಂತೆ ಉಕ್ಕಿತ್ತು. ಮೊದಲು ಅತ್ತೆ ಕಾಣದಾದರು, ಆಮೇಲೆ ದರ್ಜಿಯ ಅಂಗಡಿ, ಆಮೇಲೆ ಬೀದಿ. ನಿಲ್ಲಿಸಿದರೆ ಮತ್ತೆ ಚಾಲೂ ಆಗದೆಂಬ ಭಯಕ್ಕೆ ಪಟ್ಟಿರಾಯರು ಗಾಡಿಯನ್ನು ಗುಡ್ಡದ ಕಡೆಗೆ ಬಿಟ್ಟರು. ಗುಡ್ಡ ಯಾವ ಕಡೆ ಇತ್ತೆಂಬುದು ಅಂದಾಜು ಮಾತ್ರ. ಯಾರದೋ ಬಟ್ಟೆ ಒಣಗಿಸುವ ಹಗ್ಗ ಕೊರಳಿಗೆ ಸಿಕ್ಕಿತು. ಒಂದು ಒದ್ದೆ ಟವೆಲು ಮುಖವನ್ನು ಅಪ್ಪಿಕೊಂಡಿತು. ಮೂವತ್ತು ಮಾರು ಹೋಗಿ, ಏರು ಶುರುವಾಗುವ ಜಾಗದಲ್ಲೇ ಎಂಜಿನ್ 'ಪುಸ್' ಎಂದು ನಿಂತಿತು.

ಹೊಗೆಯೊಳಗಿಂದ ಅತ್ತೆಯ ದನಿ ಬಂತು: "ಅಳಿಯಂದ್ರೇ, ಇದ್ದೀರಾ?"

"ಇದ್ದೀನಿ ಅತ್ತೆ," ಎಂದರು ಪಟ್ಟಿರಾಯರು ಟವೆಲಿನೊಳಗಿಂದ. ಎರಡು ತಿಂಗಳು, ನಲವತ್ತೊಂದು ಸಾಲು, ಎಲ್ಲ ಮುಗಿಯಿತು ಎಂದುಕೊಂಡರು.

ಹೊಗೆ ತಿಳಿಯಾಗಲು ಹತ್ತು ನಿಮಿಷ ಬೇಕಾಯಿತು. ಮೇಲ್ವಿಚಾರಕಿ ಕೆಮ್ಮುವುದನ್ನು ನಿಲ್ಲಿಸಿ, ಕನ್ನಡಕ ಒರೆಸಿ, ಸುತ್ತ ನೋಡಿದರು. ಕಿವಿಯ ಬಳಿ ಕೈ ಆಡಿಸಿದರು. ಏನೂ ಗುಂಯ್‌ಗುಡಲಿಲ್ಲ. ಚರಂಡಿಯ ಅಂಚಿಗೆ ಹೋಗಿ ಬಗ್ಗಿ ನೋಡಿದರು.

"ಸೊಳ್ಳೆ ಎಲ್ಲಿ?" ಎಂದರು.

ಎಲ್ಲರೂ ನೋಡಿದರು. ಸೊಳ್ಳೆ ಇರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಆ ಬೀದಿಯಲ್ಲಿ ಸಂಜೆಯ ಹೊತ್ತು ಯಾರೂ ತಮ್ಮ ಕೆನ್ನೆಗೆ ತಾವು ಹೊಡೆದುಕೊಳ್ಳದೆ ನಿಂತಿದ್ದರು.

ಮೇಲ್ವಿಚಾರಕಿ ಚೀಲದಿಂದ ಆದೇಶದ ಪುಸ್ತಕ ತೆಗೆದರು. "ಮೊದಲನೇದು, ಈ ಹೊಗೆ ಕುಡಿಯೋ ನೀರಿನ ತೊಟ್ಟಿ ಹತ್ರ ಹೋಗೋ ಹಾಗಿಲ್ಲ. ಗುಡ್ಡದ ದಾರಿಗೆ ಅಪ್ಪಣೆ ಇಲ್ಲ. ಎರಡನೇದು, ನಾಳೆಯಿಂದ ದಿನಾ ಸಂಜೆ, ಮೀಟರ್ ಓದಿ ಇಳಿದ ಮೇಲೆ, ನೀವು ಈ ಗಾಡಿಯಿಂದ ಏಳು ಬೀದಿಗೂ ಹೊಗೆ ಹಾಕ್ಬೇಕು. ನಡಿಗೆಯ ವೇಗದಲ್ಲಿ. ಕೂತು ಓಡಿಸೋ ಹಾಗಿಲ್ಲ, ದಾರಿ ಕಾಣಲ್ಲ. ಹಿಡಿ ಹಿಡ್ಕೊಂಡು ಪಕ್ಕದಲ್ಲಿ ನಡೀಬೇಕು."

"ಮೇಡಂ, ನನ್ನ ಮಂಡಿ..." ಪಟ್ಟಿರಾಯರು ಎಡಮಂಡಿ ಮುಟ್ಟಿ ತೋರಿಸಿದರು. "ಇದರಲ್ಲಿ ಏನೋ ತಪ್ಪಾಗಿದೆ ಮೇಡಂ. ಎಣ್ಣೆ ಸರಿಯಾದ ಅಳತೇಲಿ ಇದ್ರೆ ಇದು ಇಷ್ಟು ಹೊಗೇನೇ ಬಿಡಲ್ಲ!"

ಅವರು ಕುಂಟುತ್ತ ಓಡಿ ಮಾಡಿನ ಕೆಳಗಿನ ಬಾಟಲಿ ಎತ್ತಿ ನೋಡಿದರು. ಎಂಟುನೂರ ನಲವತ್ತನಾಲ್ಕು ಮಿಲಿಲೀಟರ್ ಇರಬೇಕಾದ ಬಾಟಲಿಯಲ್ಲಿ ಒಂದು ನೊಣ ಮಾತ್ರ ಇತ್ತು.

"ಇದನ್ನ ಯಾರು ಖಾಲಿ ಮಾಡಿದ್ದು?"

ಡ್ರೈವರಣ್ಣ ಗಂಟಲು ಸರಿಮಾಡಿಕೊಂಡ. "ರಾಯರೇ, ಪಟ್ಟೀಲಿ ಮೂವತ್ತೆಂಟಕ್ಕೆ ಗುರುತು ಇರ್ಲಿಲ್ಲ. ಪಾಪ, ಮರೆತಿದೀರಿ ಅಂತ ಒಂದು ಗ್ಲಾಸು ಹಾಕಿದೆ. ನಿಮಗೆ ಅವಮಾನ ಆಗ್ಬಾರ್ದು ಅಂತ ಯಾರಿಗೂ ಹೇಳ್ಲಿಲ್ಲ."

"ಅಯ್ಯೋ, ನೀವೂ ಹಾಕಿದ್ರಾ?" ಎಂದ ದರ್ಜಿ. "ನಾನೂ ಗುರುತಿಲ್ಲ ಅಂತಾನೇ ಒಂದು ಗ್ಲಾಸು..."

"ನಾನು ಹಾಕಿದ್ದು ಅಳಿಯಂದ್ರ ಮರ್ಯಾದೆಗೆ," ಎಂದರು ಅತ್ತೆ ತಲೆ ನೆಟ್ಟಗೆ ಮಾಡಿ. "ಒಂದೇ ಗ್ಲಾಸು. ಗ್ಯಾಸ್ಕೆಟ್ ಮಡಚಿದ ಪಾಪ ಇತ್ತಲ್ಲ."

ಪಟ್ಟಿರಾಯರು ಹೆಂಡತಿಯ ಕಡೆ ತಿರುಗಿದರು.

"ನಾನು ಹಾಕಿಲ್ಲಪ್ಪ," ಎಂದರು ಹೆಂಡತಿ. "ಹಾಕೋಣ ಅಂತ ಹೋದೆ. ಬಾಟ್ಲಿ ಖಾಲಿ ಇತ್ತು."

ಪಟ್ಟಿರಾಯರ ತಲೆ ದಣಿದಿದ್ದರೂ ಗಣಿತ ಬಿಡಲಿಲ್ಲ. ಇನ್ನೂರು ಮಿಲಿಲೀಟರಿನ ಗ್ಲಾಸು, ಮೂರು ಸಲ, ಆರುನೂರು. ತಾನು ಹಾಕಿದ್ದು ನೂರ ಐವತ್ತಾರು. ಇನ್ನೂ ಇನ್ನೂರ ನಲವತ್ತನಾಲ್ಕು ಉಳಿಯಬೇಕು. ಅವರ ಕಣ್ಣು ನಿಧಾನವಾಗಿ ಮೇಲ್ವಿಚಾರಕಿಯ ಕೈಯಲ್ಲಿದ್ದ ಕರವಸ್ತ್ರದ ಮೇಲೆ ಹೋಗಿ ನಿಂತಿತು. ಅದರ ಮೇಲೆ ಎಣ್ಣೆಯ ಐದು ಬೆರಳಿನ ಗುರುತಿತ್ತು.

ಮೇಲ್ವಿಚಾರಕಿಯ ಮುಖ ಕದಲಲಿಲ್ಲ. "ಟ್ಯಾಂಕಿನ ಮೇಲೆ ಲಿಖಿತ ಸೂಚನೆ ಇತ್ತು. ಪಟ್ಟೀಲಿ ಗುರುತು ಇರ್ಲಿಲ್ಲ. ಗುರುತಿಲ್ಲದ ಕೆಲಸ, ಆಗದ ಕೆಲಸ. ಕಚೇರಿ ಗೋಡೆ ಮೇಲಿರೋ ಮಾತು ಯಾರದ್ರೀ?"

"ನನ್ನದೇ ಮೇಡಂ."

"ಮತ್ತೆ?"

"ಆದ್ರೆ ಮೇಡಂ, ನಾಳೆ ಎಣ್ಣೆ ಸರಿಯಾಗಿ ಹಾಕಿದ್ರೆ ಹೊಗೆ ಬರಲ್ಲ, ಗಾಡಿ ಗುಡ್ಡ ಹತ್ತುತ್ತೆ. ಆಣೆ ಮಾಡಿ ಹೇಳ್ತೀನಿ!"

"ಹಾಗಾದ್ರೆ ಸರಿಯಾಗಿ ಹಾಕ್ಬೇಡಿ," ಎಂದು ಮೇಲ್ವಿಚಾರಕಿ ಆದೇಶಕ್ಕೆ ಸಹಿ ಮಾಡಿ, ಹಾಳೆ ಹರಿದು ಕೈಗಿತ್ತರು. "ಏಳು ಬೀದಿಯ ಅರ್ಜಿಗಳು ಒಂದೇ ಸಲಕ್ಕೆ ವಿಲೇವಾರಿ ಆದವು. ಒಳ್ಳೇ ಕೆಲಸ ಮಾಡಿದ್ರಿ. ಅಂದಹಾಗೆ, ಐದಾಯ್ತು. ಮೀಟರ್ ಓದಿಲ್ಲ ಅಲ್ವಾ?"

ಅವರ ಜೀಪು ಹೋಯಿತು. ಬೀದಿಯವರೆಲ್ಲ ಬಂದು ಪಟ್ಟಿರಾಯರ ಕೈಕುಲುಕಿದರು. ಯಾರೋ ಹೂವನ್ನೂ ಕೊಟ್ಟರು. "ನಡೆದ್ರೆ ಮಂಡಿಗೆ ಒಳ್ಳೇದಂತೆ ರೀ," ಎಂದು ಹೆಂಡತಿ ಸಮಾಧಾನ ಹೇಳಿ, ಹೆರೆದ ಪೆನ್ಸಿಲನ್ನು ಅವರ ಜೇಬಿಗೆ ಸಿಕ್ಕಿಸಿದರು.

ಪಟ್ಟಿರಾಯರು ನೋಟುಪುಸ್ತಕ ತೆಗೆದುಕೊಂಡು ಗುಡ್ಡ ಹತ್ತಲಾರಂಭಿಸಿದರು. ಆ ಸಂಜೆ ಮಂಡಿ ಮುನ್ನೂರನೆಯ ಹೆಜ್ಜೆಗೂ ಕಾಯದೆ, ನೂರ ತೊಂಬತ್ತಕ್ಕೇ 'ಕಟಕ್' ಎಂದಿತು. ತೊಟ್ಟಿಯ ಬಳಿ ಕುಳಿತು ಮೀಟರಿನ ಅಂಕಿ ಬರೆದರು. ಕೆಳಗೆ ಏಳು ಬೀದಿಗಳೂ ಉದ್ದುದ್ದಕ್ಕೆ ಕಾಣುತ್ತಿದ್ದವು. ಒಂದೊಂದಕ್ಕೂ ಎಷ್ಟು ಹೆಜ್ಜೆಯಾದೀತೆಂದು ಎಣಿಸಹೊರಟು, ನಾಲ್ಕನೆಯ ಬೀದಿಗೆ ಬಿಟ್ಟುಬಿಟ್ಟರು.

ಆಮೇಲೆ ಹಳೆಯ ಪಟ್ಟಿಯ ಮೂವತ್ತೆಂಟನೆಯ ಸಾಲಿಗೆ ಒಂದು ಗುರುತು ಹಾಕಿದರು. ಸ್ವಲ್ಪ ಯೋಚಿಸಿ, ಪಕ್ಕದಲ್ಲಿ ಇನ್ನೂ ನಾಲ್ಕು ಹಾಕಿದರು. ಹೊಸ ಪುಟ ತಿರುಗಿಸಿ ನಾಳೆಯ ಪಟ್ಟಿಯ ಮೊದಲ ಸಾಲು ಬರೆದರು:

'ಎಣ್ಣೆ: ಅಳತೆ ಬೇಡ. ಅತ್ತೆಯವರನ್ನು ಕರೆಯುವುದು.'